ಅತ್ತೆ ಕಾದ ಜಾಗ

ಉರಿಬಿಸಿಲಲ್ಲಿ ಕಂಬಳಿ ಮಾರುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಆಕೆ ನನ್ನ ಸೋದರತ್ತೆ! ಯುಗಾದಿಗೆ ಮುಂಚೆ ರಂಗಂಪೇಟೆಯ ಬಯಲಲ್ಲಿ ನೆರೆಯುತ್ತಿದ್ದ ದೊಡ್ಡ ಸಂತೆಗೆ ಉಳಿದವರು ಕಲ್ಲಂಗಡಿ, ಮಡಕೆ, ಹುಣಸೆಹಣ್ಣು ಹೇರಿಕೊಂಡು ಬಂದರೆ, ಈಕೆ ಮನೆಯ ಕುರಿಗಳ ಉಣ್ಣೆಯ ಕಂಬಳಿಗಳನ್ನು ಬಂಡಿ ತುಂಬ ತರುತ್ತಿದ್ದಳು. ಯಾರಾದರೂ ನಕ್ಕರೆ, "ಮಳಿ ಬಂದ ಮ್ಯಾಲ ಕಂಬಳಿ ಹುಡುಕಾವ ನೀನೇ ಏನು?" ಎಂದು ಕೇಳುತ್ತಿದ್ದಳು. ನಕ್ಕವನು ಒಂದು ಕಂಬಳಿ ಕೊಂಡೇ ಹೋಗಬೇಕು.

ಕಂಬಳಿ ಇರಲಿ, ಅದಕ್ಕೊಂದು ಅರ್ಥವಿತ್ತು. ಆದರೆ ಬೇವಿನ ಮರದ ಕೆಳಗೆ ತನ್ನ ಪಕ್ಕ ಇನ್ನೊಬ್ಬರು ಕೂರುವಷ್ಟು ಜಾಗಕ್ಕೆ ಕಂಬಳಿ ಹಾಸಿ ಖಾಲಿ ಬಿಡುತ್ತಿದ್ದಳಲ್ಲ, ಅದಕ್ಕೇನು ಹೇಳೋಣ? ಸಂತೆಯಲ್ಲಿ ನೆರಳೆಂದರೆ ಬಂಗಾರ! ಒಮ್ಮೆ ಕಲ್ಲಂಗಡಿಯವನು ಬುಟ್ಟಿ ಇಳಿಸಲು ಬಂದ.

"ಇಲ್ಲಿ ಮಂದಿ ಕುಂತಾರ," ಎಂದಳು ಅತ್ತೆ.

"ಯಾರೂ ಕಾಣವಲ್ರಲ್ಲ ಯಕ್ಕಾ?"

"ನಿನಗ ಕಾಣವಲ್ರು. ನನಗ ಕಾಣಾಕತ್ತಾರ. ಬುಟ್ಟಿ ಎತ್ತು!"

ಅವನು ಬುಟ್ಟಿ ಎತ್ತಿಕೊಂಡು ಹೋದವನು, ಆ ಮರದಲ್ಲಿ ದೆವ್ವ ಇದೆ ಎಂದು ಸಂತೆಗೆಲ್ಲ ಸಾರಿದ. ಅತ್ತೆಗೆ ಅನುಕೂಲವೇ ಆಯಿತು.

ಆ ಜಾಗ ಬಳೆ ತೊಡಿಸುವ ಬೂಬಮ್ಮನದು. ಇಬ್ಬರೂ ಎಷ್ಟೋ ವರ್ಷ ಅಲ್ಲಿ ಅಕ್ಕಪಕ್ಕ ಕೂತು, ರೊಟ್ಟಿ ಹಂಚಿಕೊಂಡು, ಜಗಳ ಆಡಿಕೊಂಡು ವ್ಯಾಪಾರ ಮಾಡಿದವರು. ನಿಜಾಮರ ಆಳ್ವಿಕೆ ಮುಗಿದು ನಮ್ಮ ಸೀಮೆ ಹಿಂದುಸ್ತಾನಕ್ಕೆ ಸೇರಿದ ಆ ಗದ್ದಲದ ದಿನಗಳಲ್ಲಿ ಬೂಬಮ್ಮ ಹೆದರಿ ಮನೆಮಂದಿಯೊಂದಿಗೆ ಊರು ಬಿಟ್ಟಳು. ಎಲ್ಲಿಗೆ ಹೋದಳೋ, ಇದ್ದಾಳೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. "ಬರ್ತಾಳ," ಎಂದಳು ಅತ್ತೆ. ಅಷ್ಟೇ.

ಅಷ್ಟಕ್ಕೇ ನಿಂತಿದ್ದರೆ ಮಾವನಿಗೆ ಕಷ್ಟವಿರಲಿಲ್ಲ. ಅತ್ತೆಗೆ ಮದುವೆಯ ಬಳೆ ತೊಡಿಸಿದವಳು ಬೂಬಮ್ಮ. ಬಳೆ ತೊಡಲು ಬೇರೆ ಯಾರಿಗೂ ಕೈ ಕೊಡುವುದಿಲ್ಲವೆಂದು ಈಕೆಯ ಹಟ. ಇದ್ದ ಬಳೆಗಳು ಒಂದೊಂದಾಗಿ ಒಡೆದವು. ಕಡೆಗೆ ಮಣಿಕಟ್ಟಿಗೆ ಅರಿಸಿನದ ದಾರ ಕಟ್ಟಿಕೊಂಡು ಓಡಾಡತೊಡಗಿದಳು. ಗಂಡನಿರುವ ಹೆಂಗಸಿನ ಕೈ ಬರಿದಾದರೆ ಊರು ಸುಮ್ಮನಿರುತ್ತದೆಯೇ? ಹುಣಸಗಿಯಿಂದ ಬಂದ ಬೀಗರೊಬ್ಬರು ಅತ್ತೆಯ ಕೈ ನೋಡಿ ಬಾಗಿಲಲ್ಲೇ ಅಳಲು ಶುರುಮಾಡಿದರು! ಮಾವ ಒಳಗಿನಿಂದ ಓಡಿಬಂದು, "ಅಳಬ್ಯಾಡ್ರಿ, ನಾ ಇನ್ನಾ ಅದೀನ್ರಿ!" ಎನ್ನಬೇಕಾಯಿತು. ಅಂದಿನಿಂದ ಪಾಪ, ಅತ್ತೆ ಹೋದಲ್ಲೆಲ್ಲ ಹಿಂದೆ ಹೋಗುತ್ತಿದ್ದ, ತಾನು ಬದುಕಿರುವುದನ್ನು ತೋರಿಸಲು.

ಹೀಗೆ ಎರಡು ವರ್ಷ, ಎರಡು ಸಂತೆ ಕಳೆದವು. ಮುಂದಿನ ಸಂತೆಯಲ್ಲಿ, ಬಿಸಿಲು ಏರಿದ ಮೇಲೆ, ಬಡಕಲಾದ ಹೆಂಗಸೊಬ್ಬಳು ಬಂದು ನೆರಳಿನಾಚೆಯೇ ನಿಂತಳು. ಬೂಬಮ್ಮ! ಹೆಗಲ ಮೇಲೆ ಬಳೆಯ ಮಲಾರವಿರಲಿಲ್ಲ.

"ಇಷ್ಟ್ಯಾಕ ತಡಾ ಮಾಡಿದಿ?" ಎಂದು ಅತ್ತೆ ಬೈದಳು. "ಕುಂದ್ರು. ನಿನ್ನ ಜಾಗ ಕಾದು ಕಾದು ಸಾಕಾಗ್ಯದ ನನಗ."

"ನನ್ನ ಕಡಿ ಬಳಿ ಇಲ್ಲವ್ವಾ. ಎಲ್ಲಾ ಹೋತು."

"ಬಳಿ ಸಂತಿಯಾಗ ಸಿಗ್ತಾವ. ನಿನ್ನ ಕೈ ಸಿಗ್ತಾವೇನು?" ಎಂದವಳೇ ಮಾವನ ಕಡೆ ತಿರುಗಿ, "ಹೋಗಿ ಹಸರ ಬಳಿ ತರ್ರಿ!" ಎಂದಳು.

ಮಾವ ಓಡಿದ. ಗಡಿಬಿಡಿಯಲ್ಲಿ ಒಂದು ಅಳತೆ ಚಿಕ್ಕ ಬಳೆ ತಂದ! ಬೂಬಮ್ಮ ಕಂಬಳಿಯ ಮೇಲೆ ಕೂತು ಅತ್ತೆಯ ಗೆಣ್ಣುಗಳನ್ನು ನೀವಿ ನೀವಿ, ಒಂದೂ ಒಡೆಯದಂತೆ ಏರಿಸಿದಳು. ಅರಿಸಿನದ ದಾರ ಕಂಡಾಗ ಮಾತ್ರ ಅವಳ ಬೆರಳು ನಿಂತವು.

"ನಾ ಬರದೇ ಇದ್ದಿದ್ರ?"

"ಈ ಮನಷ್ಯಾ ಸಾಯೋ ತನಕಾ 'ನಾ ಬದುಕೀನಿ' ಅಂತ ಸಾರ್ಕೋಂತ ತಿರಗ್ತಿದ್ದ!"

ಬೂಬಮ್ಮ ನಕ್ಕಳು, ನಗುತ್ತಲೇ ಅತ್ತಳು. ಬಳೆ ತೊಡಿಸಿ ಮುಗಿದರೂ ಕೈ ಬಿಡಲಿಲ್ಲ.

"ಬಿಡ ಇನ್ನ, ಗಿರಾಕಿ ನಿಂತಾರ," ಎಂದಳು ಅತ್ತೆ. ಆದರೆ ತಾನೂ ಕೈ ಎಳೆದುಕೊಳ್ಳಲಿಲ್ಲ.