ತೊಂಬತ್ತೊಂದರ ಮುಖ ನೋಡಿ ಮೋಸ ಹೋದದ್ದು

ಲೆಕ್ಕಕ್ಕೆ ಹೆದರಿ ಕನ್ನಡ ಮಾಸ್ತರರಾದವರು ಈ ನಾಡಿನಲ್ಲಿ ಎಷ್ಟು ಜನರಿದ್ದಾರೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದರೆ ಎಣಿಸಬೇಕು, ಎಣಿಕೆ ಬಾರದೆಂದೇ ನಾನು ಕನ್ನಡ ಮಾಸ್ತರನಾದದ್ದು. ಗಂಗಾವತಿಯಲ್ಲಿ ಮನೆ, ಮರಳಿ ಎಂಬ ಹಳ್ಳಿಯ ಕಡೆಯ ಒಂದು ಹೈಸ್ಕೂಲಿನಲ್ಲಿ ನೌಕರಿ. ಇಪ್ಪತ್ತು ವರ್ಷ ಸಂಧಿ ಸಮಾಸಗಳ ನೆರಳಿನಲ್ಲಿ ಸುಖವಾಗಿದ್ದೆ. ಈ ವರ್ಷ ಗಣಿತದ ಮೇಡಂ ಹೆರಿಗೆ ರಜೆಗೆ ಹೋದರು. ಹೆಡ್‌ಮಾಸ್ತರರು ಎಂಟನೆಯ ತರಗತಿಯ ಗಣಿತವನ್ನು ನನ್ನ ತಲೆಗೆ ಕಟ್ಟಿದರು. ಬೇರೆಯವರು ಬರುವವರೆಗೆ ಒಂದು ಹದಿನೈದು ದಿನ ಮಾತ್ರ ಎಂದರು. ಸರ್ಕಾರದ ಹದಿನೈದು ದಿನ ಎಷ್ಟು ಉದ್ದ ಎಂಬುದು ನೌಕರಿಯಲ್ಲಿದ್ದವರಿಗೆಲ್ಲ ಗೊತ್ತು.

ಮೊದಲ ಪಾಠವೇ ಅವಿಭಾಜ್ಯ ಸಂಖ್ಯೆಗಳದು. ಒಂದು ಮತ್ತು ತಾನು, ಈ ಎರಡನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಸಮನಾಗಿ ಭಾಗವಾಗದ ಸಂಖ್ಯೆ. ನೂರರೊಳಗೆ ಅಂಥವು ಎಷ್ಟಿವೆ ಎಂಬುದನ್ನು ಮಕ್ಕಳೇ ಎಣಿಸಲಿ ಎಂದು ಪುಸ್ತಕ ಬಿಟ್ಟಿತ್ತು. ನಾನು ಬಿಡಲಿಲ್ಲ. ಒಂದರಿಂದ ನೂರರವರೆಗೆ ಹಲಗೆಯ ತುಂಬ ಬರೆದೆ. ಒಂದು ಈ ಲೆಕ್ಕಕ್ಕೆ ಸೇರುವುದಿಲ್ಲವೆಂದು ಅದನ್ನು ಅಳಿಸಿದೆ. ಎರಡನ್ನು ಉಳಿಸಿಕೊಂಡು ಅದರ ಮಗ್ಗಿಯಲ್ಲಿ ಬರುವುದನ್ನೆಲ್ಲ ಹೊಡೆದುಹಾಕಿದೆ. ಅರ್ಧ ಹಲಗೆ ಖಾಲಿಯಾಯಿತು. ಆಮೇಲೆ ಮೂರರದು, ಐದರದು, ಏಳರದು. ಕೊನೆಗೆ ಉಳಿದವನ್ನು ನೋಡಿದೆ ನೋಡಿ, ಸುಣ್ಣದ ಕಡ್ಡಿ ಹಿಡಿದ ಕೈ ಹಾಗೇ ನಿಂತಿತು. ಹನ್ನೊಂದು, ಹದಿಮೂರು ಜೋಡಿಯಾಗಿ ನಿಂತಿವೆ. ಹದಿನೇಳು, ಹತ್ತೊಂಬತ್ತು ಮತ್ತೆ ಜೋಡಿ. ಇಪ್ಪತ್ತಮೂರು ಒಂಟಿ. ಮುಂದಿನದು ಎಲ್ಲಿ ಬರುತ್ತದೆ ಎಂದು ಊಹಿಸಿದರೆ ಅಲ್ಲಿಲ್ಲ. ಇವನ್ನು ಹೀಗೆ ನಿಲ್ಲಿಸಿದವರು ಯಾರು? ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮೊದಲೂ, ನಮ್ಮ ಕಡೆಯ ಈ ಬೆಟ್ಟದ ಬಂಡೆಗಳು ಒಂದರ ಮೇಲೊಂದು ಕೂರುವ ಮೊದಲೂ ಹದಿಮೂರು ಹದಿಮೂರಾಗಿಯೇ ಇತ್ತಲ್ಲ ಎನ್ನಿಸಿ ಮೈಮೇಲೆ ಮುಳ್ಳೆದ್ದವು. ಆ ಗುಂಗಿನಲ್ಲೇ ಉಳಿದವನ್ನು ಎಣಿಸಿದೆ. ಇಪ್ಪತ್ತಾರು.

ತಾಲ್ಲೂಕು ಮಟ್ಟದ ಗಣಿತ ರಸಪ್ರಶ್ನೆಗೆ ಶಾಲೆಯಿಂದ ಒಬ್ಬರನ್ನು ಕಳಿಸಬೇಕಿತ್ತು. ಅದಕ್ಕೊಂದು ಪರೀಕ್ಷೆ ಮಾಡಿದೆ. ಅದರಲ್ಲಿ ಇದೂ ಒಂದು ಪ್ರಶ್ನೆ. ಎಲ್ಲರೂ ಹಲಗೆಯ ಮೇಲಿನ ಇಪ್ಪತ್ತಾರನ್ನೇ ಬರೆದಿದ್ದರು. ಗಾದಿ ಹೊಲಿಯುವ ಹುಸೇನಸಾಬರ ಮಗಳು ನಸ್ರೀನ್ ಒಬ್ಬಳು ಇಪ್ಪತ್ತೈದು ಎಂದಿದ್ದಳು. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದೆ. ಆ ಒಂದೇ ಅಂಕಕ್ಕೆ ಅವಳು ಎರಡನೆಯವಳಾದಳು, ಮೊದಲಿಗನಾದದ್ದು ವಿರೂಪಾಕ್ಷ. ಅವಳು ನೋಟ್‌ಬುಕ್ ಹಿಡಿದುಕೊಂಡು ಬಂದು ಇನ್ನೊಮ್ಮೆ ನೋಡಿರೆಂದಳು. ಹಲಗೆ ನೋಡಿ ಬರೆಯಲಿಕ್ಕೂ ಬಾರದೇನು ಎಂದು ನಾನು ನೋಟ್‌ಬುಕ್ ತೆರೆಯದೆಯೇ ವಾಪಸು ಕೊಟ್ಟೆ. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಮರುದಿನ ಬೆಳಿಗ್ಗೆ ವಿರೂಪಾಕ್ಷನ ಹೆಸರು ತಾಲ್ಲೂಕು ಕೇಂದ್ರವಾದ ಗಂಗಾವತಿಗೆ ಹೋಗುವುದಿತ್ತು.

ಆ ಸಂಜೆ ಮನೆಯಲ್ಲಿ ನನ್ನ ಹೆಂಡತಿ ಜೋಳದ ರೊಟ್ಟಿಯ ರಾಶಿಯ ಮುಂದೆ ಕೂತಿದ್ದಳು. ಆಕೆ ಓಣಿಯ ಇಬ್ಬರು ಹೆಂಗಸರನ್ನು ಕೂಡಿಕೊಂಡು ಮದುವೆ ಕಾರ್ಯಗಳಿಗೆ ಒಣಗಿಸಿದ ಕಟಕ ರೊಟ್ಟಿ ಮಾಡಿಕೊಡುತ್ತಾಳೆ. ಅಂದು ನೂರು ಮಾಡಿದ್ದರು. ಒಣಗುವಾಗ ಒಂಬತ್ತು ಮುರಿದಿದ್ದವು. ಉಳಿದ ತೊಂಬತ್ತೊಂದನ್ನು ಸಮನಾಗಿ ಗಂಟು ಕಟ್ಟಬೇಕು, ಇಲ್ಲದಿದ್ದರೆ ಬಡಿಸುವಾಗ ಲೆಕ್ಕ ಸಿಗುವುದಿಲ್ಲ ಎಂದಳು. ತೊಂಬತ್ತೊಂದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿನ ಹೊಸ ಗಣಿತಜ್ಞ ಎದ್ದು ಕೂತ. ಅದು ಅವಿಭಾಜ್ಯ, ಹೇಗೆ ಕಟ್ಟಿದರೂ ಸಮ ಬರುವುದಿಲ್ಲ, ಸುಮ್ಮನೆ ಕೈ ನೋಯಿಸಿಕೊಳ್ಳಬೇಡ ಎಂದು ಕುರ್ಚಿಯಲ್ಲಿ ಕೂತೇ ಪಾಠ ಹೇಳಿದೆ. ಆಕೆಯ ಕೈ ನಿಲ್ಲಲಿಲ್ಲ. ನನ್ನ ಪಾಠ ಮುಗಿಯುವ ಹೊತ್ತಿಗೆ ಗಂಟುಗಳೂ ಮುಗಿದಿದ್ದವು.

“ಏಳು ಗಂಟು ಆದುವು, ಒಂದೊಂದರಾಗ ಹದಿಮೂರು ರೊಟ್ಟಿ,” ಎಂದಳು. “ಉಳಿದದ್ದು ಎಲ್ಲೈತಿ, ತೋರಸ್ರಿ.”

ಚಾಪೆಯ ಮೇಲೆ ಜೋಳದ ಹಿಟ್ಟಿನ ಹುಡಿಯ ಹೊರತು ಏನೂ ಇರಲಿಲ್ಲ. ಗಂಟು ಬಿಚ್ಚಿಸಿ ಎಣಿಸಿದೆ. ಏಳು ಹದಿಮೂರಲೆ ತೊಂಬತ್ತೊಂದು. ನನ್ನ ಏಳರ ಮಗ್ಗಿ ಹತ್ತಕ್ಕೆ ನಿಲ್ಲುತ್ತದೆ. ಎಪ್ಪತ್ತಾದ ಮೇಲೆ ಎಪ್ಪತ್ತೇಳು ಕಣ್ಣಿಗೆ ಬಿದ್ದದ್ದರಿಂದ ಹೊಡೆದಿದ್ದೆ. ತೊಂಬತ್ತೊಂದರ ಬಿಗಿದ ಮುಖ ನೋಡಿ ಇದು ಯಾರಿಗೂ ಬಗ್ಗುವಂಥದ್ದಲ್ಲ ಎಂದು ಬಿಟ್ಟಿದ್ದೆ. ಈಗ ಅದನ್ನು ತೆಗೆದರೆ ಉಳಿಯುವುದು ಇಪ್ಪತ್ತೈದೇ, ಎಂಬತ್ತೊಂಬತ್ತರಿಂದ ತೊಂಬತ್ತೇಳರವರೆಗೆ ನಡುವೆ ಒಂದೂ ಇಲ್ಲ. ಏಳು ಮನೆ ಸಾಲಾಗಿ ಖಾಲಿ. ಆ ಖಾಲಿ ಸಾಲನ್ನು ಕಂಡು ನನಗೆ ಮತ್ತೆ ಬೆರಗಾಯಿತು. ಅದರ ಹಿಂದೆಯೇ ನೋಟ್‌ಬುಕ್ ಹಿಡಿದ ಹುಡುಗಿ ನೆನಪಾಗಿ ನಾಚಿಕೆಯಾಯಿತು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಹೆಡ್‌ಮಾಸ್ತರರ ಕೈಯಲ್ಲಿದ್ದ, ವಿರೂಪಾಕ್ಷನ ಹೆಸರಿನ ಕಾಗದ ತಡೆದೆ. ಬರೆಯುವಾಗ ಕೈತಪ್ಪಾಯಿತು ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ತಪ್ಪು ನನ್ನದೇ ಎಂದು ಹೇಳಿ ಹೆಸರು ಬದಲಾಯಿಸಿದೆ. ಬಳಿಕ ತರಗತಿಯಲ್ಲಿ ಎಲ್ಲರೆದುರು ತೊಂಬತ್ತೊಂದಕ್ಕೆ ಗೆರೆ ಎಳೆದು, ನಸ್ರೀನಳ ಉತ್ತರವೇ ಸರಿ, ತಾಲ್ಲೂಕಿಗೆ ಅವಳೇ ಹೋಗುತ್ತಾಳೆ ಎಂದೆ. ವಿರೂಪಾಕ್ಷ ಮುಖ ಸಣ್ಣ ಮಾಡಿದ. ಅವನ ತಪ್ಪೆಂದರೆ ನನ್ನನ್ನು ನಂಬಿದ್ದು.

ನಸ್ರೀನ್ ಎದ್ದು ನಿಂತಳು. ದಡ್ಡ ಹುಡುಗರಿಗೆ ನಾನು ಸಮಾಧಾನ ಹೇಳುವ ದನಿಯಲ್ಲೇ ಹೇಳಿದಳು: “ಇರ್ಲಿ ಬಿಡ್ರಿ ಸರ್. ಮೊದಲನೇ ಸಲ ನನಗೂ ಇಪ್ಪತ್ತಾರೇ ಬಂದಿತ್ತು. ಎರಡನೇ ಸಲ ಎಣಿಸಿದೆ, ಸಿಕ್ತು.”

ನಾನು ಒಂದೇ ಸಲ ಎಣಿಸಿ ಕೆಂಪು ಪೆನ್ನು ತೆಗೆದಿದ್ದೆ.

ಆಮೇಲೆ, ನೂರರಿಂದ ಇನ್ನೂರರವರೆಗೆ ತಾನು ಎಣಿಸಿದ್ದೇನೆ, ನೀವೂ ಎಣಿಸಿಕೊಂಡು ಬನ್ನಿ, ತಾಳೆ ನೋಡೋಣ ಎಂದಳು. ನಾನು ನಾಲ್ಕು ಸಲ ಎಣಿಸಿದ್ದೇನೆ. ಇಪ್ಪತ್ತೆರಡು, ಇಪ್ಪತ್ತು, ಇಪ್ಪತ್ತೊಂದು, ಮತ್ತೆ ಇಪ್ಪತ್ತೊಂದು. ಉತ್ತರವನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡು ನಾಳಿನ ಮೊದಲ ಪಿರಿಯಡ್ಡಿಗೆ ಕಾಯುತ್ತಿದ್ದೇನೆ. ಅವಳು ಸರಿ ಎಂದ ಮೇಲೆ ಪೆನ್ನಿನಲ್ಲಿ ತಿದ್ದಿಕೊಳ್ಳುತ್ತೇನೆ.