ನಾನು ತಮಿಳು ಸಿನಿಮಾದ ಗುಣದೋಷ ಬರೆದದ್ದು

ಶಿರಾದಲ್ಲಿ ನಾನು ಗಣಿತದ ಮೇಷ್ಟ್ರಾಗಿದ್ದ ಕಾಲ. ಊರಾಚೆ ಡೇರೆ ಹಾಕಿದ್ದ ಟೂರಿಂಗ್ ಟಾಕೀಸಿಗೆ ಒಂದು ತಮಿಳು ಪ್ರೇಮಕಥೆ ಬಂತು. ಅದರ ಗುಣದೋಷಗಳನ್ನು ಬರೆದುಕೊಡುವವರು ಬೇಕೆಂದು ವಾಚನಾಲಯದ ಕಾರ್ಯದರ್ಶಿಗಳು ಕೇಳಿದರು. ಅವರದೊಂದು ಕೈಬರಹದ ಪತ್ರಿಕೆ ಇತ್ತು. ಪತ್ರಿಕೆ ಎಂದರೆ ಗೋಡೆಗೆ ಅಂಟಿಸುವ ನಾಲ್ಕು ಹಾಳೆ. ಆದರೆ ಊರೆಲ್ಲ ಓದುತ್ತಿತ್ತು.

"ತಮಿಳು ಬಲ್ಲವರು..." ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈ ಮೇಲಿತ್ತು. ಸೇಲಂನ ಸೋದರಮಾವನ ಮನೆಯಲ್ಲಿ ಒಂದೂವರೆ ತಿಂಗಳು ಇದ್ದವನು ನಾನು! ಅದರಲ್ಲಿ ಒಂದು ತಿಂಗಳು ಜ್ವರ ಬಂದು ಮಲಗಿದ್ದೆ. ಅದನ್ನು ಹೇಳುವ ಅಗತ್ಯ ಕಾಣಲಿಲ್ಲ.

ಮೊದಲ ಆಟಕ್ಕೆ ಹೆಂಡತಿ ಶಾರದೆಯನ್ನೂ ಕರೆದೊಯ್ದೆ. ತೋವಿನಕೆರೆಯಿಂದ ಮದುವೆಯಾಗಿ ಬಂದು ಅವಳಿಗೆ ಆಗಿನ್ನೂ ಒಂದು ವರ್ಷ. ಕುರ್ಚಿಯಲ್ಲಿ ಕೂತದ್ದೇ ಪಾಠ ಶುರುಮಾಡಿದೆ.

"ತಮಿಳು ಬಹಳ ಸುಲಭ. 'ಪ' ಇದ್ದ ಕಡೆ 'ಹ' ಹಾಕು, ಮುಗೀತು. ಪಾಲು ಅಂದ್ರೆ ಹಾಲು. ಪುಲಿ ಅಂದ್ರೆ ಹುಲಿ."

ಪರದೆಯ ಮೇಲೆ ನಾಯಕಿಯ ಅಪ್ಪ ಎದೆ ಹಿಡಿದುಕೊಂಡು "ಎನ್ ಪೊಣ್ಣು! ಎನ್ ಪೊಣ್ಣು!" ಎಂದು ಗೋಳಾಡಿದ.

"ಏನಂತೆ ರೀ?"

"ಪಾಪ, ಒಳಗೆ ಹುಣ್ಣಾಗಿದೆಯಂತೆ."

ಶಾರದೆ ಒಮ್ಮೆ ನನ್ನನ್ನೂ ಒಮ್ಮೆ ಪರದೆಯನ್ನೂ ನೋಡಿದಳು. ಮುಂದೆ ಕೂತಿದ್ದ ಪಕ್ಕದ ಮನೆಯ ರಂಗಮ್ಮ ಹಿಂದಕ್ಕೆ ತಿರುಗಿ, "ಮೆಂತ್ಯ ನೆನಸಿ ಕುಡಿದ್ರೆ ವಾಸಿ ಆಗೋದು ಕಣಮ್ಮ. ಮಗಳಾದ್ರೂ ಕೊಡಬಾರ್ದಾ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ನಾಯಕಿ ನಾಯಕನನ್ನು ನೋಡಿ "ಅತ್ತಾನ್!" ಎಂದಳು.

"ಇವಳು ಬಿಟ್ಟುಹೋದರೆ ಅವನು ಅತ್ತಾನು ಅಂತ ಭಯ," ಎಂದೆ.

"ಅವನು ನಗ್ತಾವ್ನಲ್ಲ ರೀ?"

"ಮುಂದೆ ಅತ್ತಾನು!"

ಮಾರನೆಯ ದಿನ ನನ್ನ ವಿಮರ್ಶೆ ಗೋಡೆಯೇರಿತು. 'ಗುಣ: ನಾಯಕಿಯ ಕರುಣೆ. ದೋಷ: ನಾಯಕನ ಅಳುಬುರುಕತನ. ಇದಲ್ಲದೆ, ಅಷ್ಟು ರೀಲು ಓಡಿದರೂ ಆ ವೃದ್ಧನ ಹುಣ್ಣಿಗೆ ಒಬ್ಬ ವೈದ್ಯನನ್ನೂ ಕರೆಸದ ನಿರ್ದೇಶಕರ ಹೊಣೆಗೇಡಿತನ ಅಕ್ಷಮ್ಯವಾದದ್ದು.'

ಭಾನುವಾರ ಮಧ್ಯಾಹ್ನ ವಾಚನಾಲಯ ತುಂಬಿತ್ತು. ಹೊಗಳಿಕೆ ಕೇಳಲು ನಾನೂ ಬಾಗಿಲಲ್ಲಿ ನಿಂತಿದ್ದೆ. ದರ್ಜಿ ರಹೀಮ್ ಸಾಬರು ಓದುತ್ತಾ ಓದುತ್ತಾ ನಕ್ಕ ನಗುವಿಗೆ ಕೊರಳಲ್ಲಿದ್ದ ಅಳತೆ ಟೇಪು ಜಾರಿ ಬಿತ್ತು. ಅವರು ತಮಿಳು ಸೀಮೆಯ ಆಂಬೂರಿನಲ್ಲಿ ಹತ್ತು ವರ್ಷ ಹೊಲಿಗೆ ಮಾಡಿದವರು. ಅದು ನನಗೆ ಗೊತ್ತಿರಲಿಲ್ಲ!

"ಮೇಷ್ಟ್ರೇ, ಹುಣ್ಣಲ್ಲ, ಹೆಣ್ಣು! 'ನನ್ ಮಗಳು, ನನ್ ಮಗಳು' ಅಂತ ಅಪ್ಪ ಅಳ್ತಾವ್ನೆ!"

"ಮತ್ತೆ... ಅತ್ತಾನು?"

"ಯಾ ಅಲ್ಲಾ! ಅದು ಬಾವ ಅಂತ ಕರೆಯೋದು ಸ್ವಾಮಿ. ಮನಸಿಟ್ಟವನನ್ನ ಕರೆಯೋ ಮಾತು!"

ಹಾಳೆಗಳು ಹಾರಿಹೋಗುವಂತೆ ಇಡೀ ವಾಚನಾಲಯ ನಕ್ಕಿತು. ತಲೆ ತಗ್ಗಿಸಿ ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ರಂಗಮ್ಮ ಜಗಲಿಯಲ್ಲೇ ಹಿಡಿದರು. "ಅಂಗಾದ್ರೆ ಆವಯ್ಯಂಗೆ ಹುಣ್ಣೇ ಇರ್ಲಿಲ್ವಾ? ನಾನು ಸುಮ್ ಸುಮ್ನೆ ಅತ್ಬುಟ್ಟೆನಲ್ಲ!"

ಒಳಗೆ ಶಾರದೆ ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಮಗಳಿಗೋಸ್ಕರ ಅಳ್ತಿದ್ದಿದ್ದು ನಂಗೆ ಅವತ್ತೇ ಗೊತ್ತಾಯ್ತು," ಎಂದಳು.

"ನಿನಗೆ ತಮಿಳು ಬರುತ್ತಾ?"

"ಇಲ್ಲ. ನನ್ನ ಕಳಿಸೋವಾಗ ನಮ್ಮಪ್ಪನೂ ಅಂಗೇ ಎದೆ ಹಿಡ್ಕೊಂಡು ನಿಂತಿದ್ರು."

ಅವತ್ತು ಅವರ ಮನೆ ಬಾಗಿಲಲ್ಲಿ ನಾನೂ ಇದ್ದೆ. ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದೆ. ಮಾವನವರ ಕೈ ಎಲ್ಲಿತ್ತೆಂದು ನಾನು ನೋಡಿರಲೇ ಇಲ್ಲ.

"ಆವತ್ತೇ ಹೇಳಬಾರದಿತ್ತಾ?" ಎಂದೆ ಮೆಲ್ಲಗೆ.

"ನೀವು ಬಾಯಿ ಮುಚ್ಚಿದ್ರೆ ತಾನೇ?"

ಅವಳ ಎದುರು ಕೂತು, "ಸಿನಿಮಾ ಹೆಂಗಿತ್ತು ನಿನಗೆ?" ಎಂದೆ. ಮದುವೆಯಾದ ಮೇಲೆ ನಾನು ಅವಳ ಅಭಿಪ್ರಾಯ ಕೇಳಿದ್ದು ಅದೇ ಮೊದಲು.

"ಅಪ್ಪ ಇದ್ದ ಜಾಗವೆಲ್ಲ ಚೆನ್ನಾಗಿತ್ತು. ಆ ಹುಡುಗನದೇ ಸರಿ ಇಲ್ಲ. ಅವಳು ಏನೋ ಹೇಳೋಕೆ ಬಾಯಿ ತೆಗೆದ್ರೆ ಸಾಕು, ಇವನು ಇನ್ನೊಂದು ಹಾಡು ಶುರು ಮಾಡ್ತಿದ್ದ. ಪ್ರೀತಿ ಇದ್ದೋನು ಒಂದ್ಸಲನಾದ್ರೂ ಕೇಳಿಸ್ಕೊಬೇಕಲ್ವಾ?"

ಅವಳು ಹೇಳಿದ್ದು ನಾಯಕನನ್ನು ಕುರಿತೇ ಇರಬೇಕು. ನಾನು ಹೆಚ್ಚು ವಿಚಾರಿಸಲಿಲ್ಲ. ಹೇಳಿದ್ದನ್ನೆಲ್ಲ ಹಾಗೆಯೇ ಬರೆದುಕೊಂಡೆ. ಹೆಸರು ಮಾತ್ರ ಬೇಡವೆಂದಳು.

ಮಾರನೆಯ ದಿನ ಕಾರ್ಯದರ್ಶಿಗಳು ಆ ಹಾಳೆಯನ್ನು ಎರಡು ಸಲ ಓದಿದರು. "ಭೇಷ್ ಮೇಷ್ಟ್ರೇ! ಇದು ವಿಮರ್ಶೆ!"

"ನನ್ನದಲ್ಲ, ನಮ್ಮ ಮನೆಯವಳು ಹೇಳಿದ್ದು," ಎಂದೆ.

ಅವರು ಸಮಾಧಾನದ ಉಸಿರು ಬಿಟ್ಟರು.

"ಅದಕ್ಕೇ ಮತ್ತೆ!"