ಕಸದ ಗಾಡಿಯ ಭೋಂಗಾ ಸಾಹೇಬರ ಸನ್ನಿಧಿಗೆ

ಮಾನ್ಯ ಭೋಂಗಾ ಸಾಹೇಬರೇ,

ಪುರಸಭೆಯ ಕಸದ ಆಟೋದ ನೆತ್ತಿಯ ಮೇಲೆ ತಂತಿ ಬಿಗಿಸಿಕೊಂಡು ಧ್ವನಿವರ್ಧಕ ಪದವಿಯಲ್ಲಿ ವಿರಾಜಮಾನರಾಗಿರುವ ತಮಗೆ, ಇಳಕಲ್ಲಿಗೂ ಹುನಗುಂದಕ್ಕೂ ನಡುವೆ ಇರುವ, ಹೆಸರು ಬರೆದರೆ ಪುರಸಭೆಯವರಿಗೆ ನೋವಾದೀತೆಂದು ಹೆಸರು ಬರೆಯದೆ ಬಿಟ್ಟಿರುವ ನಮ್ಮೂರಿನ ಗುಡಿ ಓಣಿಯ ಸಮಸ್ತ ನೇಕಾರರ, ಹೆಣ್ಣುಮಕ್ಕಳ ಮತ್ತು ಇನ್ನೂ ಹೆಸರಿಡದ ಒಂದು ಕೂಸಿನ ಪರವಾಗಿ ಸಾಷ್ಟಾಂಗ ಶರಣು. ಕೊರೊನಾದ ಎರಡನೆಯ ಅಲೆ ಬಂದು ಊರಿನ ಬಾಗಿಲುಗಳೆಲ್ಲ ಮುಚ್ಚಿಕೊಂಡಿರುವ ಈ ಬೇಸಿಗೆಯಲ್ಲಿ ಬಾಯಿ ತೆರೆದುಕೊಂಡು ತಿರುಗುವ ಹಕ್ಕು ಉಳಿದಿರುವುದು ತಮಗೊಬ್ಬರಿಗೇ. ಮಿಕ್ಕವರ ಬಾಯಿಗಳೆಲ್ಲ ಮಾಸ್ಕಿನ ಒಳಗಿವೆ. ಆ ಹಕ್ಕನ್ನು ತಾವು ದಿನವೂ ಮುಂಜಾನೆ ಕಿಂಚಿತ್ತೂ ಉಳಿತಾಯ ಮಾಡದೆ ಚಲಾಯಿಸುತ್ತಿದ್ದೀರಿ. ಅದಕ್ಕಾಗಿ ಮೊದಲು ಅಭಿನಂದನೆ, ಆಮೇಲೆ ದೂರು. ಈ ಕ್ರಮವನ್ನು ನಮಗೆ ಕಲಿಸಿದವರೂ ತಾವೇ. ಮೊದಲು ಕಸ ವಿಂಗಡಿಸುವ ಹಾಡು, ಆಮೇಲೆ ಕೆಮ್ಮು, ಆಮೇಲೆ ಆ ಕೆಮ್ಮಿಗೆ ಹೆದರಬಾರದೆಂಬ ಉಪದೇಶ, ಇವೆಲ್ಲ ಮುಗಿದ ಮೇಲೆಯೇ ಸುದ್ದಿ.

ತಮ್ಮೊಳಗಿನಿಂದ ಮಾತನಾಡುವ ಆ ತಾಯಿ ಯಾರೋ ನಾವು ಕಂಡಿಲ್ಲ. ಆಕೆಯ ಕನ್ನಡ ಬಲು ಮೆತ್ತಗೆ, ಇಸ್ತ್ರಿ ಮಾಡಿದಂತಿರುತ್ತದೆ. 'ಸಾರ್ವಜನಿಕರ ಆದ್ಯ ಗಮನಕ್ಕೆ' ಎಂದು ಆಕೆ ಶುರು ಮಾಡಿದರೆ ನಮ್ಮ ಓಣಿಯ ಹಿರಿಯರು, ಮದುವೆಗೆ ಕರೆಯಲು ಬಂದ ಬೀಗರೇನೋ ಎಂದು ರುಮಾಲು ಸರಿಮಾಡಿಕೊಳ್ಳುತ್ತಾರೆ. ತೊಂದರೆ ಆಕೆಯದಲ್ಲ, ವೇಗದ್ದು. ತಮ್ಮ ಸಾರಥಿ ಯಮನೂರನಿಗೆ ಪೊಲೀಸರು ರಸ್ತೆ ಮುಚ್ಚುವ ಮೊದಲು ಊರೆಲ್ಲ ಸುತ್ತಿ ಮುಗಿಸಬೇಕೆಂಬ ಆಜ್ಞೆಯಿದೆಯಂತೆ. ಅವನು ಗಾಡಿಯನ್ನು ಓಡಿಸುತ್ತಾನೆ, ತಾವು ಮಾತನ್ನು ನಿಧಾನಕ್ಕೆ ಎಳೆಯುತ್ತೀರಿ. ಆದ್ದರಿಂದ ತಮ್ಮ ಪ್ರಕಟಣೆ ಯಾವ ಓಣಿಗಿಂತಲೂ ಉದ್ದವಾಗಿಬಿಟ್ಟಿದೆ. ಗೌಡರ ಓಣಿಗೆ ಹಾಡು ಸಿಗುತ್ತದೆ, ಗುಡಿ ಓಣಿಗೆ 'ಆದ್ಯ ಗಮನಕ್ಕೆ' ಸಿಗುತ್ತದೆ, ಮಸೂತಿ ಓಣಿಗೆ 'ಕಟ್ಟುನಿಟ್ಟಿನ ಕ್ರಮ ಜರುಗಿಸಲಾಗುವುದು' ಸಿಗುತ್ತದೆ. ಏನು ಮಾಡಿದರೆ ಕ್ರಮ ಜರುಗುತ್ತದೆ ಎಂಬ ಭಾಗ ಊರಾಚೆಯ ಬಯಲಿನಲ್ಲಿ ಉದುರಿಹೋಗುತ್ತದೆ. ಅಲ್ಲಿ ಮೇಯುವ ಎಮ್ಮೆಗಳಷ್ಟು ಕಾನೂನು ಪಾಲಿಸುವ ಪ್ರಜೆಗಳು ಇಡೀ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ.

ನಮ್ಮದೂ ತಪ್ಪಿದೆ, ಮುಚ್ಚಿಡುವುದಿಲ್ಲ. ಮನೆಯೊಳಗಿನ ಕುಣಿಮಗ್ಗಕ್ಕೆ ಲಾಕ್‌ಡೌನ್ ತಗಲುವುದಿಲ್ಲವಾದ್ದರಿಂದ ಓಣಿಯ ತುಂಬ ಮುಂಜಾನೆಯಿಂದಲೇ ಲಟಕ್ ಪಟಕ್ ನಡೆದಿರುತ್ತದೆ. ತಮ್ಮ ಸದ್ದು ಕಿವಿಗೆ ಬಿದ್ದು, ಲಾಳಿ ನಿಲ್ಲಿಸಿ, ಕುಣಿಯಿಂದ ಕಾಲೆತ್ತಿ ಬಾಗಿಲಿಗೆ ಬರುವಷ್ಟರಲ್ಲಿ ನಮಗೆ ಕಾಣುವುದು ತಮ್ಮ ಬೆನ್ನು ಮತ್ತು ಒಂದಿಷ್ಟು ಧೂಳು. ಹೀಗಾಗಿ ನಾವು ನಮಗೆ ಗೊತ್ತಿರುವ ಉದ್ಯೋಗವನ್ನೇ ಮಾಡಿದೆವು. ಈ ಸೀಮೆಯ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತೇವೆ. ಪ್ರಕಟಣೆಯನ್ನೂ ಹಾಗೇ ಕೂಡಿಸಿದರಾಯಿತಲ್ಲ ಎಂದು ಓಣಿಯಲ್ಲಿ ಸೆರಗು ಕೂಡಿಸುವುದರಲ್ಲಿ ಎತ್ತಿದ ಕೈಯೆನಿಸಿಕೊಂಡ ಅಂದಪ್ಪನವರು ಸೂಚಿಸಿದರು. ಅಂದಿನಿಂದ ಸಂಜೆಯ ಹೊತ್ತು ಎಲ್ಲ ಓಣಿಯವರೂ ಬೇವಿನಕಟ್ಟೆಗೆ ಬಂದು, ತಮ್ಮತಮ್ಮ ಪಾಲಿಗೆ ಬಿದ್ದ ತುಂಡುಗಳನ್ನು ಅಂದಪ್ಪನವರ ಮುಂದೆ ಇಡುವ ಪದ್ಧತಿ ಶುರುವಾಯಿತು.

ಒಂದು ಸಂಜೆ ಪೊಲೀಸಪ್ಪನೊಬ್ಬ ಲಾಠಿ ಬೀಸುತ್ತ ಬಂದು, "ಯಾಕ ಗುಂಪಾಗಿ ಕುಂತೀರಿ? ಗುಂಪು ಕೂಡಬ್ಯಾಡ್ರಿ ಅಂತ ದಿನಾ ಒದರತೈತಿ, ಕಿವಿ ಕೇಳಂಗಿಲ್ಲೇನು?" ಎಂದು ಗದರಿಸಿದ.

"ಏನ್ ಒದರತೈತಿ ಅನ್ನೂದನ್ನ ತಿಳಕೊಳ್ಳಾಕನ ಕೂಡೇವ್ರಿ, ಸಾಹೇಬ್ರ," ಎಂದರು ಅಂದಪ್ಪನವರು, ಎದ್ದು ಕೈಮುಗಿದು.

ಪೊಲೀಸಪ್ಪ ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ನಮ್ಮವ್ವಂದೂ ಎರಡನೇ ಸೂಜಿ ಬಾಕಿ ಐತಿ. ಅದರದೇನರ ತಿಳೀತೇನ್ರಿ?" ಎಂದು ಕಟ್ಟೆಯ ತುದಿಗೆ ಕುಳಿತುಬಿಟ್ಟ. ಕಾನೂನು ಸುವ್ಯವಸ್ಥೆಗೂ ಜನರಿಗೂ ಇಷ್ಟು ಸಲಿಗೆ ಬೆಳೆಸಿದ ಪುಣ್ಯ ತಮ್ಮದು.

ಈಗ ಆ ಎರಡನೆಯ ಸೂಜಿಯ, ಅಂದರೆ ತಮ್ಮ ಭಾಷೆಯ ಲಸಿಕೆಯ, ವಿಷಯಕ್ಕೇ ಬರುತ್ತೇನೆ, ಸಾಹೇಬರೇ. ಈ ಪತ್ರದ ಹೊಟ್ಟೆನೋವು ಇರುವುದೇ ಅಲ್ಲಿ.

ನನ್ನ ಪಕ್ಕದ ಮನೆಯ ಗುರುಲಿಂಗವ್ವನವರ ಮಗಳು ಪದ್ಮಶ್ರೀ ಚೊಚ್ಚಲ ಬಾಣಂತನಕ್ಕೆ ಬಂದು ಹೆಣ್ಣು ಕೂಸು ಹಡೆದಿದ್ದಾಳೆ. ಊರಿನ ಎಲ್ಲ ಓಣಿಗಳ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದು, ಮೂಗು ತೀಡಿ, ತಲೆ ದುಂಡಗೆ ಮಾಡಿದ ಕೈ ಗುರುಲಿಂಗವ್ವನವರದು; ಈ ಪತ್ರ ಬರೆಯುತ್ತಿರುವವನ ಮೂಗು ಸಹ ಅವರದೇ ಕೆಲಸ. ಆದರೆ ಹತ್ತಿಯ ಧೂಳು ಕುಡಿದ ಅವರ ಎದೆ ಮೊದಲೇ ಗೊರಗುಟ್ಟುತ್ತದೆ. 'ಎರಡನೇ ಸೂಜಿ ಆಗೂತನಾ ಕೂಸಿನ ಹತ್ರ ಹೋಗಬ್ಯಾಡ್ರಿ, ಆಯಿ' ಎಂದು ದವಾಖಾನಿಯ ನರ್ಸಬಾಯಿ ಶೀಲಾ ಅವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಅಂದಿನಿಂದ ಕೂಸು ಬಚ್ಚಲಲ್ಲಿ, ಅಜ್ಜಿ ಅಂಗಳದಲ್ಲಿ. ಎರಡೂ ಸೂಜಿ ಮುಗಿಸಿಕೊಂಡ ಮಸೂತಿ ಓಣಿಯ ಶಮಶಾದಬಿ ಬಂದು ಎರೆಯುತ್ತಾರೆ; ಗುರುಲಿಂಗವ್ವನವರು ಬಚ್ಚಲ ಕಿಂಡಿಯ ಹೊರಗೆ ನಿಂತು ಆಡಳಿತ ನಡೆಸುತ್ತಾರೆ.

"ಏ ಶಮಶಾದ, ನೀರ ಬಿಸಿ ನೋಡ ಮೊದಲ! ಮೂಗ ತೀಡ, ಮೂಗ! ಅವರಪ್ಪನ ಮೂಗ ಬಂದೈತಿ ಕೂಸಿಗೆ. ಈಗ ತಿದ್ದಲಿಲ್ಲಂದ್ರ ಮುಂದ ಯಾರ ತಿದ್ದಬೇಕ?"

"ಗುರುಲಿಂಗವ್ವಾ, ನಾನೂ ಮಕ್ಕಳ ಹಡದೇನಿ. ಸುಮ್ನ ನಿಂದರವಾ, ಕೂಸು ಅಂಜತೈತಿ."

"ಅಂಜೂದಿಲ್ಲದು. ನನ್ನ ದನಿ ಕೇಳಿದ್ರ ನಗತೈತಿ. ನಗಾಕತ್ತೈತಿಲ್ಲೋ, ಖರೆ ಹೇಳ?"

"ನಗಾಕತ್ತೈತಿ," ಎನ್ನುತ್ತಾರೆ ಶಮಶಾದಬಿ. ಕೂಸಿಗೆ ಹಾಕಿದ ಲೋಬಾನದ ಹೊಗೆ ಕಿಂಡಿಯಿಂದ ಹೊರಬಂದಾಗ ಗುರುಲಿಂಗವ್ವನವರು ಅದನ್ನಷ್ಟು ಮುಂದೆ ಬಾಗಿ ಮೂಸುತ್ತಾರೆ.

ಹೀಗಿರುವಾಗ ಒಂದು ಸೋಮವಾರ ತಾವು ನಮ್ಮ ಓಣಿಗೆ, 'ಎರಡನೆಯ ಡೋಸ್ ಬಾಕಿ ಇರುವ ಎಲ್ಲ ಸಾರ್ವಜನಿಕರಿಗೂ ಬುಧವಾರದಂದು' ಎಂಬ ಮಾಣಿಕ್ಯವನ್ನು ದಯಪಾಲಿಸಿ ಮುಂದೆ ಹೋದಿರಿ. ಬುಧವಾರ ಏನು, ಎಲ್ಲಿ ಎಂಬುದನ್ನು ಎಂದಿನಂತೆ ಎಮ್ಮೆಗಳಿಗೆ ಹೇಳಿದಿರಿ. ಅವಕ್ಕೆ ಮೊದಲನೆಯ ಡೋಸೇ ಆಗಿರಲಿಲ್ಲವಾಗಿ ಆಸಕ್ತಿ ವಹಿಸಲಿಲ್ಲ. ಮಂಗಳವಾರ ಮಸೂತಿ ಓಣಿಯವರಿಗೆ, 'ಮನೆಯ ಬಾಗಿಲಿಗೇ ತಲುಪಿಸಲಾಗುವುದು, ಯಾರೂ ಹೊರಗೆ ಬರಬಾರದು' ಎಂಬ ತುಂಡು ಸಿಕ್ಕಿತು. ಆ ಸಂಜೆ ಕಟ್ಟೆಯ ಮೇಲೆ ಅಂದಪ್ಪನವರು ಕಣ್ಣು ಮುಚ್ಚಿ, ಗಾಳಿಯಲ್ಲೇ ಬೆರಳಾಡಿಸಿ, ಸೋಮವಾರದ ಒಡಲಿಗೆ ಮಂಗಳವಾರದ ಸೆರಗನ್ನು ಕೊಂಡಿ ಹಾಕಿ ಕೂಡಿಸಿದರು: ಬುಧವಾರ ಎರಡನೆಯ ಸೂಜಿ ಮನೆ ಬಾಗಿಲಿಗೇ ಬರುತ್ತದೆ, ಯಾರೂ ಹೊರಗೆ ಹೋಗಬಾರದು.

"ಅಂದಪ್ಪಣ್ಣಾ, ನಮ್ಮ ಓಣ್ಯಾಗ ಬಿದ್ದದ್ದು ಬಾಗಲಿಗೆ ಕಾಯಿಪಲ್ಯೆ ತರೂ ಸುದ್ದಿ ಇದ್ದಂಗ ಐತಿ. ಬಣ್ಣ ಕೂಡವಲ್ದು," ಎಂದು ಶಮಶಾದಬಿ ದೂರದಿಂದಲೇ ಅನುಮಾನಿಸಿದರು.

"ಸೆರಗಿನ ಬಣ್ಣ ಬ್ಯಾರೇನ ಇರತೈತಿ ತಂಗಿ," ಎಂದರು ಅಂದಪ್ಪನವರು, ನೇಕಾರಿಕೆಯ ಶಾಸ್ತ್ರಕ್ಕೆ ಸರಿಯಾಗಿ.

ಬುಧವಾರ ನಮ್ಮ ಓಣಿಯ ಶೋಭೆಯನ್ನು ತಾವು ಸ್ವತಃ ಕಂಡಿದ್ದೀರಿ. ಪ್ರತಿ ಹೊಸ್ತಿಲ ಮೇಲೆ ಒಬ್ಬೊಬ್ಬ ಹಿರಿಯರು, ಮಿಂದು ಮಡಿಯುಟ್ಟು, ವಿಭೂತಿ ಧರಿಸಿ, ಎಡತೋಳಿನ ಬಟ್ಟೆಯನ್ನು ಭುಜದತನಕ ಮಡಚಿಕೊಂಡು ಕುಳಿತಿದ್ದರು. ಗುರುಲಿಂಗವ್ವನವರು ಮದುವೆ ಮುಂಜಿಗೆಂದು ಪೆಟ್ಟಿಗೆಯಲ್ಲಿಟ್ಟಿದ್ದ ಚಿಕ್ಕಿಪರಾಸ ದಡಿಯ ಸೀರೆ ಉಟ್ಟು, ಸೂಜಿಯವರಿಗೆಂದು ಅವಲಕ್ಕಿ ಹಚ್ಚಿ, ಚಹಾದ ನೀರನ್ನು ಒಲೆಯ ಮೇಲಿಟ್ಟಿದ್ದರು. ಆಗ ಓಣಿಗೆ ಬಂದ ಏಕೈಕ ಸರ್ಕಾರಿ ವಾಹನ ತಮ್ಮದಾದ್ದರಿಂದ, ಎಲ್ಲರೂ ಏಕಕಾಲಕ್ಕೆ ತೋಳುಗಳನ್ನು ತಮ್ಮತ್ತ ಚಾಚಿದರು. ಯಮನೂರ ಗಾಬರಿಯಾಗಿ, "ಕಸಾ ಕೊಡ್ರಿ ಬೇ, ಕೈ ಯಾಕ ಕೊಡ್ತೀರಿ?" ಎಂದು ಕೂಗಿದ. ತಾವು ಮಾತ್ರ ಒಣಕಸ ಬೇರೆ, ಹಸಿಕಸ ಬೇರೆ ಎಂದು ಹಾಡುತ್ತ, ಯಾವ ತೋಳನ್ನೂ ಯಾವ ಬುಟ್ಟಿಗೂ ಹಾಕಿಸಿಕೊಳ್ಳದೆ ಗಾಂಭೀರ್ಯದಿಂದ ಮುಂದೆ ಸಾಗಿದಿರಿ.

ಅದೇ ಹೊತ್ತಿಗೆ ಎರಡು ಓಣಿ ದಾಟಿದರೆ ಸಿಗುವ ಹೆಣ್ಣುಮಕ್ಕಳ ಸಾಲಿಯಲ್ಲಿ ಶೀಲಾ ಅವರು ಲಸಿಕೆಯ ಡಬ್ಬಿ ಮುಂದಿಟ್ಟುಕೊಂಡು ಖಾಲಿ ಬೆಂಚುಗಳನ್ನು ನೋಡುತ್ತ ಕುಳಿತಿದ್ದರೆಂಬುದು ನಮಗೆ ತಿಳಿದದ್ದು ಹೊತ್ತು ಮುಳುಗಿದ ಮೇಲೆ. ಅಷ್ಟರಲ್ಲಿ ಡಬ್ಬಿ ಬೇರೆ ಊರಿಗೆ, ರಾಮಥಾಳದ ಕಡೆ, ಹೋಗಿತ್ತು. 'ಸಾರ್ವಜನಿಕರ ನಿರಾಸಕ್ತಿ' ಎಂದು ಪುರಸಭೆಯವರು ಮೇಲಿನವರಿಗೆ ವರದಿ ಒಪ್ಪಿಸಿದರಂತೆ. ತೋಳೇರಿಸಿಕೊಂಡು ದಿನವಿಡೀ ಕುಳಿತು, ತಣ್ಣಗಾದ ಅವಲಕ್ಕಿಯನ್ನು ತಾವೇ ತಿಂದು, ಸೀರೆ ಮಡಿಚಿ ಪೆಟ್ಟಿಗೆಗೆ ಮರಳಿಸಿದ ಗುರುಲಿಂಗವ್ವನವರ ನಿರಾಸಕ್ತಿಯನ್ನು ನಾನು ಪಕ್ಕದ ಗೋಡೆಯಿಂದ ಕೇಳಿಸಿಕೊಂಡೆ. ಅದು ಮೂಗು ಸೀಟುವ ಸದ್ದಿನಂತಿತ್ತು.

ಮರುದಿನ ಓಣಿಯವರು ಹಟ ಹಿಡಿದರು. ತಾವು ಬರುವ ಹೊತ್ತಿಗೆ ಮೊದಲೇ ಮಗ್ಗಗಳನ್ನೆಲ್ಲ ನಿಲ್ಲಿಸಿ, ನಾಯಿಗಳಿಗೆ ರೊಟ್ಟಿ ಹಾಕಿ ಬಾಯಿ ಕಟ್ಟಿಸಿ, ಯಮನೂರನ ಕೈಕಾಲು ಹಿಡಿದು ಗಾಡಿಯನ್ನು ಸಾವಕಾಶ ಓಡಿಸಲು ಒಪ್ಪಿಸಿದೆವು. ನಮ್ಮ ಓಣಿ ಅಷ್ಟು ಸ್ತಬ್ಧವಾದದ್ದನ್ನು ಅಂದಪ್ಪನವರೂ ಹುಟ್ಟಿದಾಗಿನಿಂದ ಕಂಡಿರಲಿಲ್ಲವಂತೆ. ಅಂದು ತಮ್ಮ ಪ್ರಕಟಣೆ ಮೊದಲಿನಿಂದ ಕೊನೆಯವರೆಗೆ, ಒಂದು ಅಕ್ಷರ ಉದುರದೆ ನಮ್ಮ ಕಿವಿಗೆ ಬಿತ್ತು: 'ಲಸಿಕೆಯ ಬಗ್ಗೆ ಸಾರ್ವಜನಿಕರು ಉದಾಸೀನ ತೋರುತ್ತಿರುವುದು ವಿಷಾದನೀಯ. ಇನ್ನಾದರೂ ಎಚ್ಚೆತ್ತುಕೊಳ್ಳಿ.' ಅದಕ್ಕೆ ಗುರುಲಿಂಗವ್ವನವರು, "ನಿನ್ನ ಬಾಯಾಗ ಮಣ್ಣ ಬೀಳಲಿ!" ಎಂದು ಪ್ರತಿಕ್ರಿಯಿಸಿದರು. ತಮ್ಮ ಭಾಷೆಗೆ ತಂದರೆ, 'ತಮ್ಮ ಸಲಹೆಯನ್ನು ಪರಿಶೀಲಿಸಲಾಗುವುದು' ಎಂದರ್ಥ.

ಆದಕಾರಣ, ಸಾಹೇಬರೇ, ನಮ್ಮ ಸಣ್ಣ ಬೇಡಿಕೆಗಳನ್ನು ಮನ್ನಿಸಬೇಕು. ಪ್ರಕಟಣೆಯನ್ನು ಓಣಿಯಷ್ಟು ಗಿಡ್ಡ ಮಾಡುವುದು ಆಡಳಿತಾತ್ಮಕವಾಗಿ ಸಾಧ್ಯವಿಲ್ಲದಿದ್ದರೆ, ನಮ್ಮ ಓಣಿಯನ್ನು ಪ್ರಕಟಣೆಯಷ್ಟು ಉದ್ದ ಮಾಡಿಕೊಡಿ. ಅದು ಬಾಗಲಕೋಟೆಯ ತನಕ ಹೋದರೂ ನಮ್ಮ ತಕರಾರಿಲ್ಲ, ಬಸ್ಸಿಲ್ಲದ ಈ ದಿನಗಳಲ್ಲಿ ಮನೆಯಿಂದ ಮನೆಗೆ ಹಾಯ್ದು ಜಿಲ್ಲಾ ಆಸ್ಪತ್ರೆ ಸೇರಿಕೊಳ್ಳುತ್ತೇವೆ. ಅದೂ ಆಗದಿದ್ದರೆ ತಮ್ಮನ್ನು ಕೆಲಕಾಲ ಬಾದಾಮಿಗೆ ನಿಯೋಜನೆಯ ಮೇಲೆ ಕಳಿಸಲಿ. ಅಲ್ಲಿನ ಬಂಡೆಗಳು ಹೇಳಿದ್ದನ್ನು ಹಾಗೇ ಮರಳಿಸುತ್ತವೆ; ತಮ್ಮ ಮಾತನ್ನು ತಾವೂ ಒಮ್ಮೆ ಕೇಳಿದಂತಾಗುತ್ತದೆ. ಎಮ್ಮೆಗಳಿಗೆ ತಿಳಿದಿರುವ ಮಾಹಿತಿಯನ್ನು ನಮಗೂ ಕೊಡಿಸುವ ಒಬ್ಬ ದುಭಾಷಿಯನ್ನಾದರೂ ನೇಮಿಸಲಿ. ಇವೆಲ್ಲ ಕಷ್ಟವೆನಿಸಿದರೆ ಕೊನೆಯದೊಂದಿದೆ, ಹೇಳಲು ನಾಚಿಕೆಯಾಗುವಷ್ಟು ಚಿಕ್ಕದು: ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿ, ಹಾಡು ಬಿಟ್ಟು, ಸೂಜಿ ಯಾವಾಗ, ಎಲ್ಲಿ ಎಂದಷ್ಟು ಹೇಳಿ ಹೋಗಿ. ಕೂಸು ದಿನದಿನಕ್ಕೆ ಬೆಳೆಯುತ್ತಿದೆ, ಮೂಗಿನ ಎಲುಬು ಗಟ್ಟಿಯಾಗುತ್ತಿದೆ ಎಂದು ಅದರ ಅಜ್ಜಿ ಕಿಂಡಿಯ ಹೊರಗೆ ಒಂದೇ ಸಮನೆ ಚಡಪಡಿಸುತ್ತಿದ್ದಾರೆ.

ತಾವು ಬೀದಿ ತಿರುಗಿದ ಮೇಲೂ ತಮ್ಮ ಮಾತಿನ ಬಾಲಕ್ಕಾಗಿ ಕಿವಿ ಚಾಚಿಕೊಂಡೇ ನಿಂತಿರುವ
ತಮ್ಮ ವಿಶ್ವಾಸಿ,
ನಾಗಲಿಂಗ
ಗುಡಿ ಓಣಿ

ತಾ.ಕ.: ಈ ಪತ್ರಕ್ಕೆ ಲಕೋಟೆ ಹುಡುಕುತ್ತಿದ್ದಾಗಲೇ ತಮ್ಮ ಸಾರಥಿ ಗಾಡಿಯನ್ನು ಓಣಿಯ ನಡುವೆ ನಿಲ್ಲಿಸಿ, ತಮ್ಮ ಗುಂಡಿ ತಿರುವಿ ತಮ್ಮನ್ನು ಬಂದ್ ಮಾಡಿ, ಕೆಳಗಿಳಿದು, "ಗುರುಲಿಂಗವ್ವಾಯೀ, ಸಾಲ್ಯಾಗ ಕಸಾ ಎತ್ತಾಕ ಹೋಗಿದ್ದೆ. ಶೀಲಾಬಾಯಿ ಸೂಜಿ ತಂದಾರ. ಲಗೂನ ಹತ್ರಿ!" ಎಂದು ಕೂಗಿದ್ದನ್ನು ತಾವು ಬಾಯಿ ತೆರೆದುಕೊಂಡೇ ಕೇಳಿದಿರಿ. "ಖರೇನ? ಸುಳ್ಳಾದ್ರ ನಿನ್ನ ಭೋಂಗಾ ಕಿತ್ತ ಒಲೀಗೆ ಹಾಕ್ತೇನಿ," ಎನ್ನುತ್ತ ಅವರು ಹಳೆಯ ಸೀರೆಯಲ್ಲೇ ಯಮನೂರನ ಪಕ್ಕ ಹತ್ತಿ ಕುಳಿತರು, ಅಂದಪ್ಪನವರಾದಿಯಾಗಿ ಇಡೀ ಓಣಿ ಗಾಡಿಯ ಹಿಂದೆ ನಡೆಯಿತು. ಪೊಲೀಸಪ್ಪ ತನ್ನ ಅವ್ವನನ್ನು ಸೈಕಲ್ ಮೋಟಾರಿನ ಹಿಂದೆ ಕೂರಿಸಿಕೊಂಡು ಬಂದ. ಎಲ್ಲರಿಗೂ ಸೂಜಿಯಾಯಿತು. ಸಂಜೆ ತಾವು ಇನ್ನೊಂದು ಸುತ್ತು ಬಂದು, ಇಂದು ಬೆಳಿಗ್ಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ಲಸಿಕಾ ಶಿಬಿರ ಇದೆಯೆಂದು ಸವಿವರವಾಗಿ ತಿಳಿಸಿದ್ದಕ್ಕೆ ಓಣಿಯ ಪರವಾಗಿ ಕೃತಜ್ಞತೆಗಳು. ಸೂಜಿಯಾದ ಮೇಲೆ ಇಷ್ಟು ದಿನ ಕಾಯಬೇಕೆಂದು ಶೀಲಾ ಅವರು ಹೇಳಿರುವ ಗಡುವು ಮುಗಿದೊಡನೆ ಗುರುಲಿಂಗವ್ವನವರು ಮೊಮ್ಮಗಳನ್ನು ಕಾಲಮೇಲೆ ಹಾಕಿಕೊಂಡು ಎರೆಯಲಿದ್ದಾರೆ. ಅವರ ಕೈಯಲ್ಲಿ ಮಿಂದ ಕೂಸುಗಳು ಹೊತ್ತೇರುವ ತನಕ ಏಳುವುದಿಲ್ಲ. ಆ ಮುಂಜಾನೆ ನಮ್ಮ ಓಣಿಯನ್ನು ದಾಟುವಾಗ, ಏನಾದರೂ ತಿಳಿಸಬೇಕಾದದ್ದು ಇದ್ದ ದಿನ ಯಾರ ಕಿವಿಗೂ ಏನೂ ಬೀಳದಂತೆ ಹೇಗೆ ದಾಟುತ್ತೀರೋ, ದಯವಿಟ್ಟು ಹಾಗೆಯೇ ದಾಟಬೇಕು.